ಕೊಕ್ಕರೆ ನಿಂತ ಭಂಗಿ

ಕೊಕ್ಕರೆ ತೆರೆಯ ಮೇಲೆ ಬಂದು ನಿಂತದ್ದೇ ತಡ, ಸ್ಟುಡಿಯೋದವರೆಲ್ಲ ಬಿದ್ದು ಬಿದ್ದು ನಕ್ಕರು.

ನಗದೆ ಇರುವುದಾದರೂ ಹೇಗೆ? ಒಂದು ಪಾದದಿಂದ ಇನ್ನೊಂದರ ಹಿಮ್ಮಡಿ ಉಜ್ಜುತ್ತಾ, ಎಡ ಭುಜವನ್ನು ಕಿವಿಯವರೆಗೆ ಎತ್ತಿಕೊಂಡು, ಏನೋ ಹೇಳಲು ಬಂದು ಹೇಳಲಾರದೆ ರೆಕ್ಕೆಯ ತುದಿ ಹಿಂಡುತ್ತಿತ್ತು ಅದು. ಒಂದು ಮಾತೂ ಇಲ್ಲ. ನಿಂತ ಭಂಗಿಯಲ್ಲೇ ಪುಕ್ಕಲು ಎಂದು ಗೊತ್ತಾಗುತ್ತಿತ್ತು. ನಿರ್ದೇಶಕರು ಅದನ್ನು ಬರೆದ ಆನಿಮೇಟರನ ಬೆನ್ನು ತಟ್ಟಿದರು.

ಅವನ ಪಕ್ಕದಲ್ಲೇ ನಿಂತಿದ್ದಳು ಹಿನ್ನೆಲೆಗಳಿಗೆ ಬಣ್ಣ ಹಚ್ಚುವ ಹುಡುಗಿ. ಅವಳೂ ನಕ್ಕಳು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಹಿಮ್ಮಡಿ ಉಜ್ಜುತ್ತಿದ್ದ ಚಪ್ಪಲಿ ಗಕ್ಕನೆ ನಿಂತಿತು. ಒಮ್ಮೆ ಅವನತ್ತ ಕಣ್ಣೆತ್ತಿ ನೋಡಿ ಹೊರಗೆ ಹೋಗಿಬಿಟ್ಟಳು. ಅವನಿಗೆ ಭೂಮಿ ಬಾಯಿಬಿಡಬಾರದೆ ಎನಿಸಿತು.

ಕದ್ದದ್ದು ಹೌದು. ಅವಳು ಚಿತ್ರ ತೋರಿಸಲು ಬಂದಾಗಲೆಲ್ಲ ಅವನು ಚಿತ್ರ ನೋಡಿದ್ದು ಕಡಿಮೆ, ಅವಳನ್ನು ನೋಡಿದ್ದೇ ಹೆಚ್ಚು. ಆ ಎತ್ತಿದ ಭುಜ, ಹಿಂಡಿ ಹಿಂಡಿ ಮುದುರಿದ ಅಂಗಿಯ ತೋಳಿನ ಅಂಚು, ಎಲ್ಲ ಬಾಯಿಪಾಠ. ಕೊಕ್ಕರೆಗೆ ಜೀವ ತುಂಬಲು ಕೂತಾಗ ಅದೇ ಬಂತು. ಪ್ರೀತಿಯಿಂದಲೇ ಬರೆದ. ನಗು ಬರಲಿ ಅಂತ ಸ್ವಲ್ಪ ಹೆಚ್ಚಿಸಿಯೂ ಬರೆದ. ಆ ಹೆಚ್ಚಿಸಿದ್ದೇ ಈಗ ಮನಸ್ಸನ್ನು ಕೊರೆಯುತ್ತಿತ್ತು.

ಮನೆಯಲ್ಲಿ ಅವನು ಹೇಳಿದ್ದನ್ನೆಲ್ಲ ಅಕ್ಕ ಕೇಳಿಸಿಕೊಂಡು, ತಟ್ಟೆ ತೊಳೆಯುವುದನ್ನೇ ನಿಲ್ಲಿಸಿದಳು. "ಇಷ್ಟ ಅಂತ ಹೇಳೋಕೆ ಆಗಲಿಲ್ಲ, ಕೊಕ್ಕರೆ ಮಾಡೋಕೆ ಆಯ್ತಾ ನಿಂಗೆ?"

ಮಾರನೆಯ ದಿನದಿಂದ ಹುಡುಗಿ ಅವನ ಮೇಜಿನ ಬಳಿ ಕಂಬದ ಹಾಗೆ ನಿಲ್ಲತೊಡಗಿದಳು. ಕಾಲು ಜೋಡಿಸಿ, ಭುಜ ಇಳಿಸಿ, ಕೈ ಬದಿಗೆ. ಚಿತ್ರ ಇಟ್ಟು ಹೊರಟುಬಿಡುತ್ತಿದ್ದಳು. ಅವಳ ಭಂಗಿಯನ್ನು ಅವಳಿಂದಲೇ ಕಿತ್ತುಕೊಂಡೆನಲ್ಲ ಎಂದು ಅವನಿಗೆ ಊಟ ಸೇರಲಿಲ್ಲ.

ಕೊನೆಗೆ ಕೊಕ್ಕರೆಯನ್ನು ಮೊದಲಿನಿಂದ ಬರೆಯಲು ಕೂತ. ನಿರ್ದೇಶಕರಿಂದ ಬೈಸಿಕೊಂಡ. ಹೊಸ ಕೊಕ್ಕರೆ ಎದೆ ಸೆಟೆಸಿ ನಡೆಯಿತು. ಜೀವ ಮಾತ್ರ ಇರಲಿಲ್ಲ.

ಮಧ್ಯಾಹ್ನ ಅವಳು ಬಂದು ಅದನ್ನು ನೋಡಿ, ಹಳೆಯದನ್ನು ಅಳಿಸಿದಿರಾ ಎಂದು ಕೇಳಿದಳು.

"ಅಳಿಸ್ತೀನಿ. ತಪ್ಪಾಯ್ತು. ಎಲ್ಲರೂ ನಿಮ್ಮನ್ನ ನೋಡಿ ನಗೋ ಹಾಗೆ ಮಾಡಿದೆ. ನೀವು ಹಾಗೆ ನಿಲ್ಲೋದು ನಂಗೆ ತುಂಬಾ ಇಷ್ಟ, ಅದಕ್ಕೇ..."

"ಅದು ನಾನು ಅಂತ ಒಬ್ಬರಿಗಾದ್ರೂ ಗೊತ್ತಾಯ್ತಾ?" ಎಂದಳು. "ಬಣ್ಣದ ಕೋಣೆಯವರನ್ನ ಕೇಳಿ. ಅಲ್ಲಿ ನಾನು ಸೊಂಟದ ಮೇಲೆ ಕೈ ಇಟ್ಕೊಂಡು ಎಲ್ಲರ ಹತ್ರ ಜಗಳ ಆಡ್ತೀನಿ."

"ಮತ್ತೆ ಇಲ್ಲಿ?"

ತೋಳಿನ ಅಂಚು ಅವಳ ಬೆರಳಿಗೆ ಸಿಕ್ಕಿತ್ತು. ಎಡ ಭುಜ ಮೆಲ್ಲಗೆ ಮೇಲೇರಿತು. "ನಿಮ್ಮೊಬ್ಬರಿಗೆ ಅಂತ ಇದ್ದದ್ದನ್ನ ಊರಿಗೆಲ್ಲ ತೋರಿಸಿಬಿಟ್ರಲ್ಲ."

ಮೈ ನೋಡಿ ಮನಸ್ಸು ತಿಳಿಯುವುದೇ ಕಸುಬಾದವನಿಗೆ ಈಗ ಅರ್ಥವಾಯಿತು. ನಾಚಿಕೆಗೆ ಕಿವಿಯೆಲ್ಲ ಬಿಸಿಯಾಯಿತು. ಎದ್ದು ನಿಂತ. ಅವನ ಒಂದು ಕಾಲು ಇನ್ನೊಂದರ ಹಿಮ್ಮಡಿ ಉಜ್ಜತೊಡಗಿತು.

ಅವಳು ಅದನ್ನು ನೋಡುತ್ತಾ ನಿಂತಳು. "ಇದನ್ನ ನಾನು ಯಾರಿಗೂ ತೋರಿಸಲ್ಲ," ಎಂದಳು.