ಕಿತ್ತಳೆ ಆಕಾಶದಲ್ಲಿ ಒಬ್ಬ

"ಈ ಫೋಟೋ ತೆಗೆದಿದ್ದು ನೀವೇನಾ?"

ಅವಳು ಹೆಮ್ಮೆಯಿಂದ ತಿರುಗಿದಳು. ಪ್ರದರ್ಶನಕ್ಕೆ ಬಂದವರೆಲ್ಲ ಬೆಳಿಗ್ಗೆಯಿಂದ ಹೊಗಳಿದ್ದೇ ಹೊಗಳಿದ್ದು! ಕಿತ್ತಳೆ ಬಣ್ಣದ ಸಂಜೆಯಾಕಾಶ. ಅದರೆದುರು, ಎತ್ತರದ ಕಟ್ಟಡವೊಂದರ ತಾರಸಿಯಲ್ಲಿ ತಲೆ ತಗ್ಗಿಸಿ ಕೂತ ಕಪ್ಪು ಆಕೃತಿ. ಕೆಳಗೆ ಅವಳೇ ಇಟ್ಟ ಹೆಸರು: 'ಯಾರೂ ಇಲ್ಲದವನು'.

"ಹೌದು, ನಾನೇ. ಇಷ್ಟ ಆಯ್ತಾ?"

"ಅದು ನಾನು."

ಅವಳ ನಗು ಅರ್ಧಕ್ಕೇ ನಿಂತಿತು.

ಅವನು ಆ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ಕೈಯಲ್ಲಿದ್ದ ಪೇಪರ್ ಬಿಡಿಸಿ, ಹೆಸರಿನ ಸಮೇತ ಅಚ್ಚಾಗಿದ್ದ ಅದೇ ಫೋಟೋ ತೋರಿಸಿದ. "ಮುಖ ಕಾಣಲ್ವಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡ್ರಾ? ಪೇಪರಲ್ಲಿ ನೋಡಿ ನಮ್ಮಮ್ಮ, ನಾನು ಕತ್ತು ಬಗ್ಗಿಸೋ ರೀತೀಲೇ ಗುರುತು ಹಿಡಿದ್ರು. 'ನಿಂಗೆ ಯಾರೂ ಇಲ್ಲ ಅಂದ್ರೆ, ನಾನ್ಯಾರೋ?' ಅಂತ ಫೋನಲ್ಲಿ ಅಳ್ತಿದ್ದಾರೆ!"

ಸುತ್ತಲಿದ್ದವರು ತಿರುಗಿ ನೋಡಿದರು. ಅವಳ ಕಿವಿಗಳು ಸುಡತೊಡಗಿದವು.

'ಛೇ... ಎಂಥ ಕೆಲಸ ಮಾಡಿಬಿಟ್ಟೆ!'

ಅವನು ಹೊರಟುಹೋದ. ಅವಳು ತಾನೇ ಕುರ್ಚಿ ಹತ್ತಿ ಫೋಟೋ ಇಳಿಸಿದಳು.

ಮರುದಿನ ಆ ಕಟ್ಟಡದ ತಾರಸಿಯ ಮೆಟ್ಟಿಲು ಹತ್ತಿಹೋದವಳು ಅವನ ಮುಖ ನೋಡಲಾಗದೆ ನಿಂತಳು. "ಅಮ್ಮನ ಹತ್ರ ನಾನೇ ಮಾತಾಡ್ತೀನಿ... ಫೋನ್ ಹಚ್ಚಿಕೊಡಿ."

ಅವನು ಹಚ್ಚಿಕೊಟ್ಟ.

"ಅಮ್ಮಾ, ಆ ಹೆಸರು ಇಟ್ಟವಳು ನಾನು. ನಿಮ್ಮ ಮಗ ಯಾರು ಅಂತಾನೂ ನಂಗೊತ್ತಿರ್ಲಿಲ್ಲ. ತಪ್ಪಾಯ್ತು..."

ಆ ಕಡೆಯಿಂದ ಬಂದಿದ್ದು ಬೈಗುಳವಲ್ಲ, ಮೆಲ್ಲನೆಯ ದನಿ:

"ಅಷ್ಟು ಬೇಜಾರಾಗಿ ಕೂತಿದ್ದನ್ನ ಕಣ್ಣಾರೆ ನೋಡಿದ್ಯಲ್ಲ ತಾಯಿ, ಹತ್ತಿರ ಹೋಗಿ ಏನಪ್ಪಾ ಅಂತ ಒಂದು ಮಾತು ಕೇಳ್ಬಾರ್ದಿತ್ತಾ?"

ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ! ಫೋನ್ ಹಿಂದಿರುಗಿಸಿ ಗೋಡೆ ಕಡೆ ತಿರುಗಿ ಅತ್ತಳು.

"ಅಳ್ಬೇಡ್ರಿ..." ಅವನ ದನಿಯೂ ಕುಗ್ಗಿತ್ತು. "ನಿಜ ಹೇಳ್ಲಾ? ಇಲ್ಲಿ ತುಂಬಾ ಸ್ನೇಹಿತರಿದ್ದಾರೆ, ಆರಾಮಾಗಿದ್ದೀನಿ ಅಂತ ಅಮ್ಮಂಗೆ ಸುಳ್ಳು ಹೇಳ್ಕೊಂಡೇ ಬಂದಿದ್ದೆ. ನಿಮ್ಮ ಫೋಟೋದಲ್ಲಿ ಸಿಕ್ಕಿಬಿದ್ದೆ. ಮರ್ಯಾದೆ ಹೋಯ್ತು ಅಂತ ನಿಮ್ಮ ಮೇಲೆ ಕೂಗಾಡಿದೆ. ತಪ್ಪು ನಂದೂ ಇದೆ."

ಅಂದಿನಿಂದ ತನ್ನ ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಅವಳ ಕಾಲು ತಾನಾಗಿ ಆ ತಾರಸಿಯತ್ತ ತಿರುಗುತ್ತಿತ್ತು. ಮಾತು ಬೆಳೆಯಿತು. ಸಲಿಗೆಯೂ.

ಒಂದು ಸಂಜೆ ಆಕಾಶ ನೇರಳೆ-ಕೆಂಪಾಗಿ ಉರಿಯುತ್ತಿತ್ತು. ಅವಳು ಬರಿಗೈಯಲ್ಲಿ ಬಂದಳು.

"ಕ್ಯಾಮೆರಾ ಎಲ್ಲಿ? ಇಂಥ ಆಕಾಶ ಮತ್ತೆ ಸಿಗಲ್ಲ!"

"ಸಿಗದಿದ್ರೆ ಬಿಡಿ. ಇವತ್ತು... ನಿಮ್ಮನ್ನ ನೋಡೋಕೆ ಅಂತಾನೇ ಬಂದೆ."

ಅವನು ಸರಿದು ಜಾಗ ಮಾಡಿದ. "ಹಾಗಾದ್ರೆ ಈ ಕಡೆ ಬಂದು ಕೂತ್ಕೊಳ್ಳಿ. ಅಲ್ಲಿಂದ ನಾನು ಬರೀ ಕಪ್ಪಗೆ ಕಾಣ್ತೀನಿ."

ಕೂತಳು. ಸಂಜೆಬೆಳಕು ಅವನ ಮುಖದ ಮೇಲಿತ್ತು.

"ಅಯ್ಯೋ, ಕೆನ್ನೆ ತುಂಬಾ ಗ್ರೀಸು!" ಕರವಸ್ತ್ರ ತೆಗೆದು ಮೆಲ್ಲಗೆ ಒರೆಸಿದಳು.

"ದಿನಾ ಮೆತ್ಕೊಳ್ಳುತ್ತೆ..." ಅವನು ಅವಳ ಕೈ ಹಿಡಿದುಕೊಂಡ. "ದಿನಾ ಒರೆಸ್ತೀರಾ?"

"ಹ್ಞೂಂ... ಒರೆಸ್ತೀನಿ."