ಕಡಲಹುಲ್ಲಿನ ಕೆಳಗೆ ಬಿಳಿ ಮರಳು

ಕೊಳೆತ ಕಡಲಹುಲ್ಲಿನ ವಾಸನೆ.

ಚಿಕ್ಕವಳಿದ್ದಾಗ ಅದು ನಮ್ಮ ಮನೆಯ ಹಾಸಿಗೆಯಲ್ಲೂ ಇರುತ್ತಿತ್ತು. ಅಲೆ ದಡಕ್ಕೆ ತಂದು ಹಾಕುವ ಕಡಲಹುಲ್ಲನ್ನೇ ಅಜ್ಜಿ ಒಣಗಿಸಿ ದಿಂಬಿಗೆ ತುಂಬುತ್ತಿದ್ದಳು. ಆಗ ಆ ವಾಸನೆಗೆ ನಿದ್ದೆ ಬರುತ್ತಿತ್ತು.

ಈಗ ಬರಲಿಲ್ಲ. ಒಂದು ಟಿಪ್ಪರಿನಲ್ಲಿ, ಅದೇ ಹುಲ್ಲಿನ ಅಡಿಯಲ್ಲಿ ನಾನು ಅಂಗಾತ ಮಲಗಿದ್ದೆ. ಟಿಪ್ಪರ್ ತಟ್ಟನೆ ನಿಂತಿತ್ತು. ಯಾರೋ ಮೇಲೆ ಹತ್ತಿದ್ದರು. ಹುಲ್ಲೆತ್ತುವ ಕಬ್ಬಿಣದ ಕವೆ ನನ್ನ ಕಿವಿಯ ಪಕ್ಕಕ್ಕೇ ಇಳಿಯಿತು.

ಎರಡನೆಯ ಸಲ ತೋಳಿನ ಬಟ್ಟೆ ಹರಿಯಿತು.

ಮೂರನೆಯದಕ್ಕೆ ನಾನು ಕಾಯಲಿಲ್ಲ.

"ಗೊನಾರಿಯೋ, ಕೋಟು ಹೊಸದು ಕಣೋ."

ಹುಲ್ಲು ಸರಿಯಿತು. ಡ್ರೈವರ್ ಗೊನಾರಿಯೋನ ಕೆಂಪು ಮುಖ ಕಂಡಿತು.

"ತ್ಸಿಯಾ ರೈಮೊಂಡಾ? ಸೈಕಲ್ ತೀರದಲ್ಲೇ ಬಿಟ್ ಬಂದಿದೀರಲ್ಲ... ಧಣಿ ನೋಡ್ಬಿಟ್ರು."

"ವಯಸ್ಸಾಯ್ತು. ಮರೆವು."

ಇಲ್ಲಿ ವಯಸ್ಸಾದ ಹೆಂಗಸರೆಲ್ಲ ತ್ಸಿಯಾ, ಅಂದರೆ ಅತ್ತೆ. ಅತ್ತೆಯ ಗಂಟಲಿಗೇ ಕವೆ ಬಂತು. ಅದು ಅಲ್ಲಿರುವಷ್ಟು ಹೊತ್ತಿನಲ್ಲಿ ನಿಮಗೆ ವಿಷಯ ಹೇಳಿಬಿಡುತ್ತೇನೆ.

ಸಾರ್ಡಿನಿಯಾದಲ್ಲಿ ಒಂದು ಶೀಸೆ ಮರಳು ಕದ್ದರೂ ದಂಡ ಬೀಳುತ್ತದೆ. ಲಾರಿಗಟ್ಟಲೆ ಕದ್ದರೆ ಜೈಲು. ಕಾಲಾ ಮುರ್ತಾ ತೀರದ ಮರಳು ಅಕ್ಕಿಕಾಳಿನಷ್ಟು ದಪ್ಪ, ಅಷ್ಟೇ ಬಿಳುಪು. ಅದರ ಕಾವಲುಗಾರ ಆಂತಿಯೋಕೋ. ಟೂರಿಸ್ಟರ ಚಪ್ಪಲಿ ಕೊಡವಿಸಿಯೇ ಹೊರಗೆ ಬಿಡುವವನು. ಸಂಜೆ ತನ್ನ ಷರಾಯಿಯ ಮಡಿಕೆಯನ್ನೂ ಅಲ್ಲೇ ಕೊಡವಿ ಮನೆಗೆ ಹೋಗುವವನು.

ಈಚೆಗೆ ಆ ತೀರದಲ್ಲಿ ಮನೆ ಹೂತುಹೋಗುವಷ್ಟು ದೊಡ್ಡ ಗುಂಡಿ ಬಿತ್ತು. ಗೇಟಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಆಂತಿಯೋಕೋನ ಬಳಿ ಇತ್ತು. ಪೊಲೀಸರು ಅವನನ್ನೇ ಹಿಡಿದು ಒಳಗೆ ಹಾಕಿದರು. ಭಾನುವಾರಗಳಲ್ಲಿ ಬದಲಿ ಕಾವಲಿಗೆ ಗೊನಾರಿಯೋ ಬರುತ್ತಿದ್ದ ಎಂಬುದನ್ನು ಅವರು ಕೇಳಲಿಲ್ಲ. ಈ ದಿನ ಹನ್ನೆರಡು ಗಂಟೆಗೆ ನ್ಯಾಯಾಧೀಶರು ಆಂತಿಯೋಕೋನನ್ನು ನಗರದ ಜೈಲಿಗೆ ಕಳಿಸುವವರಿದ್ದರು.

ಅವನ ಹೆಂಡತಿ ಬೊನಾರಿಯಾ ನನ್ನ ಬಾಗಿಲಿಗೆ ಬಂದಳು. ಅಳಲಿಲ್ಲ. "ನೀವು ಮೂವತ್ತು ವರ್ಷ ಕಾಡು ಕಾದೋರು. ಕಳ್ಳರ ಮುಖ ನಿಮಗೆ ಗೊತ್ತು. ಇವರ ಮುಖ ಹಂಗಿದೆಯಾ ಹೇಳಿ."

ಇರಲಿಲ್ಲ.

ಹಾಗಾದರೆ ಮರಳು ಯಾರಿಗೆ ಬೇಕಿತ್ತು? ಹೋಟೆಲಿನ ಧಣಿ ಪೊರ್ರುವಿಗೆ. ಅತಿಥಿಗಳಿಗೆ ನಾತ ಬರುತ್ತದೆ ಎಂದು ಅವನು ತನ್ನ ತೀರದ ಕಡಲಹುಲ್ಲನ್ನೆಲ್ಲ ಬಾಚಿ ತೆಗೆಸಿದ್ದ. ಹುಲ್ಲು ತೀರದ ಕಂಬಳಿ, ಅದನ್ನು ತೆಗೆದರೆ ಮರಳು ಅಲೆಯ ಪಾಲು ಎಂಬುದು ಇಲ್ಲಿನ ಪ್ರತಿ ಅಜ್ಜಿಗೂ ಗೊತ್ತು. ಪೊರ್ರುವಿನ ಅಜ್ಜಿಗೂ ಗೊತ್ತಿತ್ತು. ಎರಡು ಬಿರುಗಾಳಿ ಬೀಸಿದವು. ಅವನ ತೀರದಲ್ಲಿ ಕಲ್ಲು ಮಾತ್ರ ಉಳಿಯಿತು. ಶನಿವಾರ 'ದ್ವೀಪದ ಹತ್ತು ಸುಂದರ ತೀರಗಳು' ಎಂಬ ಪುಸ್ತಕಕ್ಕೆ ಫೋಟೋ ತೆಗೆಯುವವರು ಬರಲಿದ್ದರು.

ಆ ಹೋಟೆಲಿನಿಂದ ಹುಲ್ಲು ತುಂಬಿದ ಟಿಪ್ಪರ್ ಹೊರಗೆ ಹೋಗಬೇಕು. ಒಂದು ವಾರದಿಂದ ಒಳಗೆ ಹೋಗುತ್ತಿತ್ತು. ಊರೆಲ್ಲ ನೋಡಿತ್ತು. ಮೂಗು ಮುಚ್ಚಿಕೊಂಡು ನೋಡಿತ್ತು.

ಅದಕ್ಕೇ ಈ ದಿನ ಬೆಳಿಗ್ಗೆ ಕಾಲಾ ಮುರ್ತಾದಲ್ಲಿ ನಾನು ಇದರೊಳಗೆ ಹತ್ತಿದ್ದು. ಬೆನ್ನ ಕೆಳಗೆ ಅಕ್ಕಿಕಾಳಿನಂಥ ಆ ಮರಳು ಚುಚ್ಚುತ್ತಿತ್ತು.

ಇನ್ನು ಕವೆಯ ವಿಷಯ.

"ಅಮ್ಮ ಹೇಗಿದಾರೆ?" ಎಂದೆ.

"ಮಂಡಿನೋವು, ತ್ಸಿಯಾ. ಮೆಟ್ಲು ಹತ್ತೋಕಾಗಲ್ಲ."

"ಬಿಸಿ ಉಪ್ಪಿನ ಶಾಖ ಕೊಡು."

"ಕೊಟ್ಟೆ. ಅಲುಗಾಡ್ಬೇಡಿ."

ಅವನ ಫೋನು ಬಡಿದುಕೊಂಡಿತು. ಧಣಿ ಪೊರ್ರು. ನಮ್ಮ ಜನರಿಗೆ ಕೈ ಆಡಿಸದೆ ಮಾತು ಬರುವುದಿಲ್ಲ. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈ ಮಾತಿಗೆ ಬೇಕು.

ಗೊನಾರಿಯೋ ಕವೆ ಕೆಳಗಿಟ್ಟ.

"ಇಲ್ಲೇ ಇದಾರೆ ಧಣಿ... ಏನ್ ಮಾಡ್ಲಿ ಅಂದ್ರೆ? ನೀವೇ ಹೇಳಿ..."

ನಾನು ಪಕ್ಕದ ಹಲಗೆ ಹಿಡಿದು ಕೆಳಗೆ ಜಾರಿ, ಕ್ಯಾಬಿನ್ ಹತ್ತಿದೆ. ಮಂಡಿ ಒಂದು ಮಾತು ಹೇಳಿತು. ಕೇಳಲಿಲ್ಲ. ಕೀ ಗಾಡಿಯಲ್ಲೇ ಇತ್ತು. ಗೇರ್ ಹಾಕಿದೆ. ಮೇಲೆ ಗೊನಾರಿಯೋ ಬಿದ್ದ ಸದ್ದು ಕೇಳಿತು. ಹುಲ್ಲಿನ ಮೇಲೆ ಬಿದ್ದಿರಬೇಕು.

ಕನ್ನಡಿಯಲ್ಲಿ ಪೊರ್ರುವಿನ ಜೀಪ್ ಕಂಡಿತು. ಹನ್ನೊಂದೂ ಮುಕ್ಕಾಲು. ಊರಿಗೆ ಆರು ಮೈಲಿ ಇಳಿಜಾರು.

ಕ್ಯಾಬಿನ್ನಿನ ಮೇಲೆ ಗೊನಾರಿಯೋ ದಬದಬ ಬಡಿದ. "ಬ್ರೇಕ್ ಸ್ವಲ್ಪ ಲೂಸು, ತ್ಸಿಯಾ. ಎರಡು ಸಲ ಒತ್ತಿ."

ಎರಡು ಸಲ ಒತ್ತಿದೆ. ತಿರುವು ದಾಟಿತು.

"ಮುಂದೆ ಕುರಿ!"

ಮೊದಲ ಕುರಿಯ ಮೂಗು ಸವರಿಕೊಂಡು ದಾಟಿದೆ. ಹಿಂದೆ ಇನ್ನೂರು ಕುರಿ ರಸ್ತೆಗೆ ಇಳಿದವು. ಪೊರ್ರು ಹಾರ್ನ್ ಬಾರಿಸಿದ. ಕುರುಬ ನಿಂತು, ಚಿಲುಮೆ ಹಚ್ಚಿಕೊಂಡ. ಹಾರ್ನ್ ಬಾರಿಸಿದವರಿಗೆ ನಮ್ಮ ಕುರುಬರು ಕೊಡುವ ಉತ್ತರ ಅದು.

ಠಾಣೆಯ ಮುಂದಿನ ಚೌಕದಲ್ಲಿ ವ್ಯಾನು ಸಿದ್ಧವಾಗಿತ್ತು. ಆಂತಿಯೋಕೋನ ಕೈಗೆ ಬೇಡಿ. ನ್ಯಾಯಾಧೀಶರು ಮೆಟ್ಟಿಲಿಳಿಯುತ್ತಿದ್ದರು. ನಾನು ಟಿಪ್ಪರನ್ನು ಹಿಂದುಮುಂದಾಗಿ ತಿರುಗಿಸಿ, ತೊಟ್ಟಿ ಎತ್ತುವ ಲಿವರ್ ಎಳೆದೆ.

ಮೊದಲು ಹುಲ್ಲು ಬಿತ್ತು. ಆಮೇಲೆ ಗೊನಾರಿಯೋ. ಆಮೇಲೆ ಬೆಳ್ಳಗೆ, ಸುರಸುರನೆ, ಕಾಲಾ ಮುರ್ತಾ.

ನ್ಯಾಯಾಧೀಶರು ಬೂಟಿನ ಮೇಲಿನ ಮರಳು ನೋಡಿದರು. ನನ್ನನ್ನು ನೋಡಿದರು. "ಏನಮ್ಮ ಇದು?"

"ಸಾಕ್ಷಿ, ಸ್ವಾಮಿ. ಸ್ವಲ್ಪ ನಾತ ಇದೆ."

ಆಂತಿಯೋಕೋ ಬೇಡಿ ಹಾಕಿದ ಕೈಯಲ್ಲೇ ಬಗ್ಗಿ, ಚೌಕದ ಚರಂಡಿಯತ್ತ ಜಾರುತ್ತಿದ್ದ ಮರಳನ್ನು ಒಟ್ಟುಗೂಡಿಸತೊಡಗಿದ. ಗೊನಾರಿಯೋ ಅದನ್ನು ನೋಡಿದ. ತಲೆಯ ಮೇಲಿನ ಹುಲ್ಲು ತೆಗೆದ.

"ಗೇಟಿಗೆ ಕಳ್ಳ ಕೀ ಮಾಡಿಸ್ದೋನು ನಾನು," ಎಂದ. "ಮಾಡ್ಸು ಅಂದೋರು ಧಣಿ. ಆ ಮನುಷ್ಯನ್ನ ಬಿಟ್ಬಿಡಿ."

ಬೇಡಿ ಆಂತಿಯೋಕೋನ ಕೈಯಿಂದ ಗೊನಾರಿಯೋನ ಕೈಗೆ ಹೋಯಿತು. ಪೊರ್ರು ಬಂದಾಗ ಅವನಿಗೂ ಒಂದು ಜೊತೆ ಸಿಕ್ಕಿತು. ಅರ್ಧ ಗಂಟೆಯಲ್ಲಿ ನಗರದಿಂದ ಅವನ ವಕೀಲರು ಬಂದರು. ಗೊನಾರಿಯೋಗೆ ಯಾರೂ ಬರಲಿಲ್ಲ.

ಒಂದು ಗಂಟೆಗೆ ಬೊನಾರಿಯಾ ಬುತ್ತಿ ಹಿಡಿದು ಬಂದಳು. ತೆಳುವಾದ ರೊಟ್ಟಿ, ಕುರಿ ಹಾಲಿನ ಚೀಸು, ಬೇಯಿಸಿದ ಕಾಳು. ಗಂಡ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ. ಅವನ ಭುಜ ಮುಟ್ಟಿ ಮುಂದೆ ನಡೆದಳು. ಒಳಗೆ ಹೋಗಿ, ಕಂಬಿಗಳ ನಡುವಿನಿಂದ ಬುತ್ತಿಯನ್ನು ಗೊನಾರಿಯೋನ ಕೈಗೆ ಕೊಟ್ಟಳು.

ನಾನು ಹುಬ್ಬೇರಿಸಿದೆ.

"ಒಳಗಿರೋರಿಗೆ ಅಂತ ತಂದಿದ್ದೆ, ತ್ಸಿಯಾ," ಎಂದಳು. "ಒಳಗೆ ಒಬ್ಬ ಇದ್ದ."