ಅರಳಬಾರದಿದ್ದ ಹೂವು

ಗಿಡ ಬೆಳೆಸುವ ಗಾಜಿನ ಮನೆಯ ಬೀಗ ತೆಗೆದ ಹೂವಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನೆ ಸಂಜೆ ಮೈತುಂಬ ಮೊಗ್ಗು ಹೊತ್ತಿದ್ದ ಫ್ಯೂಷಿಯಾ ಗಿಡ ಒಂದೂ ಮೊಗ್ಗಿಲ್ಲದೆ ಬರೀ ಎಲೆಯಲ್ಲಿ ನಿಂತಿತ್ತು. ಒಂದೊಂದು ಕೊಂಬೆಯ ಕುಡಿಯೂ ಮಾಯ!

ಹೋದ ವರ್ಷ ತೀರಿಹೋದ ಗಂಡ ವರ್ಷಗಟ್ಟಲೆ ತಳಿ ಬೆರೆಸಿ ಹುಟ್ಟಿಸಿದ ಗಿಡ ಅದು. ಹೂವಿನ ಹೊರಗೆ ಹಾಲುಬಿಳಿ, ಒಳಗೆ ಕಡುನೇರಳೆ. ಅಂಥದ್ದು ಬೇರೆಲ್ಲೂ ಇಲ್ಲ. ನಾಳೆಯ ಪ್ರದರ್ಶನದಲ್ಲಿ ಅದಕ್ಕೆ ಗಂಡನ ಹೆಸರಿಡಲು ಅವಳು ಕಾದಿದ್ದಳು. ಹೊಸ ಹೂವನ್ನು ಮೊದಲು ತೋರಿಸಿದವರಿಗೇ ಹೆಸರಿಡುವ ಹಕ್ಕು ಎಂಬುದು ಪ್ರದರ್ಶನ ನಡೆಸುವ ಸಂಘದ ನಿಯಮ.

ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತಳಾಗಿದ್ದ ಅಕ್ಕ ಫೋನ್ ಮಾಡಿದ್ದೇ ತಡ ಓಡಿಬಂದಳು. ಗಿಡಗಳ ಗಂಧಗಾಳಿಯೂ ಆಕೆಗೆ ಗೊತ್ತಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಮೂಗು ಬಲು ಚುರುಕು.

"ಯಾರ ಮೇಲೆ ಅನುಮಾನ?"

"ಎಲ್ಲರ ಮೇಲೂ! ಪಕ್ಕದ್ಮನೆ ಮೇಷ್ಟ್ರು ಪ್ರತಿ ವರ್ಷ ನಮ್ಮೆದುರು ಸೋತು ಹೊಟ್ಟೆ ಉರ್ಕೊಳ್ತಾರೆ. ಸೊಸೆಗೆ ಈ ಜಾಗದಲ್ಲಿ ಕಾರು ನಿಲ್ಲಿಸೋ ಆಸೆ."

"ನಿನ್ನ ಮೈದುನ?"

"ಛೆ! ಗಿಡ ಬಾಡಿದ್ರೆ ಅವನಿಗೆ ಊಟ ಸೇರಲ್ಲ."

ಅಕ್ಕ ಮೂವರನ್ನೂ ಕರೆಸಿದಳು.

"ಸೋತಿದೀನಿ, ನಿಜ," ಮೇಷ್ಟ್ರು ಗುಡುಗಿದರು. "ಆದ್ರೆ ಈ ಹೊಸ್ತಿಲು ದಾಟೋಕೆ ಇವತ್ತಿನವರೆಗೆ ಇವರು ಬಿಟ್ಟಿದ್ರಾ?"

ಸೊಸೆ ಮೂತಿ ತಿರುವಿದಳು. "ಬೇಡ ಅನ್ನಿಸಿದ್ರೆ ಕುಂಡ ಸಮೇತ ಬಿಸಾಕ್ತಿದ್ದೆ ದೊಡ್ಡಮ್ಮ. ಕೂತು ಒಂದೊಂದೇ ಚಿವುಟೋ ತಾಳ್ಮೆ ನನಗೆಲ್ಲಿದೆ?"

ಹೂವಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಮಾತು ಸುಳ್ಳೆನ್ನಲೂ ಆಗಲಿಲ್ಲ.

"ಅಳಬೇಡಿ ಅತ್ತಿಗೆ," ಮೈದುನ ಸಮಾಧಾನ ಹೇಳಿದ. "ಗಿಡಕ್ಕೇನೂ ಆಗಲ್ಲ. ಎರಡು ತಿಂಗಳಲ್ಲಿ ಮತ್ತೆ ಮೊಗ್ಗು ಬರುತ್ತೆ."

ಅಕ್ಕ ಕನ್ನಡಕ ಏರಿಸಿ ಗಿಡದ ಮೇಲೆ ಬಾಗಿದಳು. "ಕುಡಿ ಚಿವುಟಿದ್ರೆ ಏನಾಗುತ್ತೆ?"

"ಅಲ್ಲಿ ಎರಡು ಕವಲು ಒಡೆಯುತ್ತೆ," ಎಂದಳು ಹೂವಮ್ಮ.

"ಇದನ್ನ ಮುಂಚೆ ಯಾವಾಗ ಚಿವುಟಿದ್ದೆ?"

"ಯಾವತ್ತೂ ಇಲ್ಲ! ಹೊಸ ತಳಿ ತಾನಾಗಿ ಹೇಗೆ ಬೆಳೆಯುತ್ತೆ ನೋಡ್ಬೇಕು ಅಂತ ಅವರು ಮುಟ್ಟೋಕೂ ಬಿಡ್ತಿರಲಿಲ್ಲ."

"ಹಾಗಾದ್ರೆ— ಇದೇನು?"

ಅಕ್ಕ ಎಲೆಗಳನ್ನು ಸರಿಸಿದಳು. ಒಳಗಿನ ಕೊಂಬೆಯೊಂದರಲ್ಲಿ ಒಣಗಿದ ಮೊಂಡು, ಅದರ ಎರಡೂ ಬದಿಗೆ ಬಲಿತ ಕವಲು. ಪಕ್ಕದಲ್ಲಿ ಅಂಥದ್ದೇ ಇನ್ನೊಂದು. ದಿನಾ ನೀರೆರೆದರೂ ಹೂವಮ್ಮನ ಕಣ್ಣು ಮೊಗ್ಗು ದಾಟಿ ಒಳಗೆ ಹೋಗಿರಲಿಲ್ಲ.

"ಎಷ್ಟು ಹಳೇದು?"

"ಹೋದ ವರ್ಷದ್ದು," ಎಂದಳು ಹೂವಮ್ಮ, ಮೊಂಡು ಮುಟ್ಟಿ ನೋಡಿ.

"ದ್ವೇಷ ಇದ್ದೋರು ಬುಡಕ್ಕೇ ಕತ್ತರಿ ಹಾಕ್ತಿದ್ರು," ಎಂದಳು ಅಕ್ಕ. "ಈ ಕೈಗೆ ಗಿಡ ಸಾಯಬಾರದು, ಆದ್ರೆ ನಾಳೆ ಅರಳಲೂ ಬಾರದು. ಯಾಕೆ? ಹೋದ ವರ್ಷ ಇದರದೇ ಕುಡಿ ಕದ್ದು, ನೆಟ್ಟು ಬೆಳೆಸಿದ ಇನ್ನೊಂದು ಗಿಡ ಮೊದಲು ಪ್ರದರ್ಶನಕ್ಕೆ ಹೋಗ್ಬೇಕು. ಕದ್ದಾಗ ನೀನು ಆಸ್ಪತ್ರೆಯಲ್ಲಿ ಗಂಡನ ಪಕ್ಕ ಇದ್ದೆ. ಮಗ-ಸೊಸೆ ಇನ್ನೂ ಬೇರೆ ಊರಲ್ಲಿದ್ರು. ಮೇಷ್ಟ್ರು ಒಳಗೇ ಬಂದಿಲ್ಲ. ಬೀಗದ ಕೈ ಯಾರ ಹತ್ರ ಇತ್ತು?"

ಎಲ್ಲರ ಕಣ್ಣೂ ಮೈದುನನ ಕಡೆ ಹೊರಳಿತು. ಇನ್ನೊಂದು ಬೀಗದ ಕೈ ಇಂದಿಗೂ ಅವನ ಬಳಿಯೇ ಇತ್ತು.

ಅವನು ಬೆವರು ಒರೆಸಿಕೊಂಡ. "ಅಣ್ಣನ ಜೊತೆ ಪರಾಗ ಹಚ್ಚಿದ್ದು ನಾನು. ಚಳಿಯಲ್ಲಿ ಎದ್ದು ಬಂದು ಗಿಡ ಕಾದಿದ್ದು ನಾನು. ಹೆಸರು ಮಾತ್ರ ಅವನೊಬ್ಬನದು. ನಾನು ಯಾರೂ ಅಲ್ವಾ ಅತ್ತಿಗೆ?"

ಹೂವಮ್ಮನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅವನ ದುಡಿಮೆ ಅವಳಿಗೆ ಒಮ್ಮೆಯೂ ನೆನಪಾಗಿರಲಿಲ್ಲ.

"ಕೇಳಿದ್ರೆ ಕೊಡ್ತಿದ್ದೆ," ಎಂದಳು. "ಅಲ್ಲಿ ಅವರು ಉಸಿರಿಗೆ ಒದ್ದಾಡ್ತಿದ್ರು. ಇಲ್ಲಿ ನೀನು ಕುಡಿ ಕೀಳ್ತಿದ್ದೆ."

ಮೈದುನ ತನ್ನ ಬೀಗದ ಕೈ ತೆಗೆದು ಅವಳ ಮುಂದಿಟ್ಟ.

"ನಾಳೆ ಆ ಗಿಡ ತಗೊಂಡು ಬಾ," ಎಂದಳು ಹೂವಮ್ಮ. "ವೇದಿಕೆ ಮೇಲೆ ನೀನೇ ಇಡು, ಹೆಸರನ್ನೂ ನೀನೇ ಹೇಳು. ನಿನ್ನದು ಹೇಳ್ತೀಯೋ, ಅಣ್ಣನದು ಹೇಳ್ತೀಯೋ— ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ."